ಮೇಲಿನ ಮನೆಯ ಮುಂಗಡ

ಮೂವತ್ತೊಂದು ವರ್ಷ ಆಸ್ಪತ್ರೆಯ ಔಷಧಿ ಕೌಂಟರಿನ ಕಿಂಡಿಯ ಹಿಂದೆ ನಿಂತು, ಬಂದವರಿಗೆಲ್ಲ ‘ಇದು ಊಟಕ್ಕೆ ಮುಂಚೆ, ಇದು ಊಟ ಆದಮೇಲೆ’ ಎಂದು ಎರಡೆರಡು ಸಲ ಹೇಳಿ ಕಳಿಸಿದವರಿಗೆ ಬೀದಿಯ ಜನ ಮಾತ್ರೆಯಮ್ಮ ಎಂದು ಹೆಸರಿಟ್ಟಿದ್ದರು. ಅವರು ನಿವೃತ್ತರಾಗಿ ನಾಲ್ಕು ವರ್ಷವಾದರೂ ಆ ಹೆಸರಿಗೆ ನಿವೃತ್ತಿ ಸಿಕ್ಕಿರಲಿಲ್ಲ. ಗೇಟಿನ ಹತ್ತಿರ ಯಾರಾದರೂ ಕೆಮ್ಮಿದರೆ ಸಾಕು, ಒಳಗಿನಿಂದ “ಕಫ ಇದೆಯೋ, ಒಣ ಕೆಮ್ಮೋ?” ಎಂಬ ಪ್ರಶ್ನೆ ಬರುತ್ತಿತ್ತು.

ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವಳು ಒಬ್ಬ ಹೊಲಿಗೆಯವಳು. ಏಳು ವರ್ಷದ ಹಿಂದೆ ಒಂದು ಮೆಷಿನ್, ಒಂದು ಟ್ರಂಕು ಇಳಿಸಿಕೊಂಡು ಒಂಟಿಯಾಗಿ ಬಂದಾಗ ಅವಳಿಗೆ ಮೂವತ್ತರ ಆಸುಪಾಸು. ಹಿಂದೆ ಏನಾಗಿತ್ತೆಂದು ಅವಳು ಹೇಳಲಿಲ್ಲ, ಮಾತ್ರೆಯಮ್ಮ ಕೇಳಲಿಲ್ಲ. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವಳು ಹೇಳುತ್ತಿದ್ದಳು. ಗಿರಾಕಿಗಳ ಸೊಂಟದ ಅಳತೆ ಹೆಚ್ಚಿದ್ದು, ಎದುರುಮನೆಯ ಬೆಕ್ಕು ಬಾಲ್ಕನಿಯಲ್ಲಿ ಮರಿ ಹಾಕಿದ್ದು, ತನಗೆ ಬಿದ್ದ ಕನಸು. ಮೆಷಿನ್ನೂ ಬಾಯಿಯೂ ಪೈಪೋಟಿಗೆ ಬಿದ್ದಂತೆ ನಡೆಯುತ್ತಿದ್ದವು. ಮಾತ್ರೆಯಮ್ಮ ಅವಳನ್ನು ಪಟಪಟಿ ಎಂದು ಕರೆಯುತ್ತಿದ್ದರು. ಅವಳು ಇವರನ್ನು ಅಕ್ಕ ಎನ್ನುತ್ತಿದ್ದಳು.

ಇಷ್ಟು ಮಾತಾಡುವವಳು ದುಡ್ಡಿನ ವಿಷಯ ಬಂದರೆ ಮಾತ್ರ ಬಾಯಿಗೆ ಹೊಲಿಗೆ ಹಾಕಿಕೊಳ್ಳುತ್ತಿದ್ದಳು. ಅದಕ್ಕೆ ಕಾರಣ ಮಾತ್ರೆಯಮ್ಮನೇ. ಪಟಪಟಿಗಿಂತ ಮುಂಚೆ ಆ ಮನೆಯಲ್ಲಿ ಐದು ವರ್ಷ ಇದ್ದವರು ಸ್ವಂತ ಅಣ್ಣ ಅತ್ತಿಗೆಯಂತೆ ಇದ್ದರು. ಖಾಲಿ ಮಾಡುವ ದಿನ ಮುರಿದ ಒಂದು ನಲ್ಲಿಗೆ ಮುಂಗಡದಲ್ಲಿ ಎಷ್ಟು ಹಿಡಿಯಬೇಕು ಎಂಬಲ್ಲಿಂದ ಮಾತು ಶುರುವಾಗಿ, ಮೆಟ್ಟಿಲ ಮೇಲೆ ನಿಂತು ಬೀದಿಗೆಲ್ಲ ಕೇಳುವ ಹಾಗೆ ಜಗಳವಾಗಿತ್ತು. ಐದು ವರ್ಷದ ಒಡನಾಟ ಒಂದು ನಲ್ಲಿಯಲ್ಲಿ ಹರಿದುಹೋಯಿತಲ್ಲ ಎಂದು ಮಾತ್ರೆಯಮ್ಮ ಎಷ್ಟೋ ದಿನ ಕೊರಗಿದ್ದರು. ಹಾಗಾಗಿ ಪಟಪಟಿ ಬಂದ ದಿನವೇ ಹೇಳಿಬಿಟ್ಟರು:

“ನೋಡು, ನನ್ನ ಹತ್ತಿರ ದುಡ್ಡಿನ ಮಾತು ಬಾಯಲ್ಲಿ ಬೇಡ. ಒಂದನೇ ತಾರೀಖು ಬೆಳಿಗ್ಗೆ ನನ್ನ ಬಾಗಿಲ ಚಿಲಕಕ್ಕೆ ಒಂದು ಚೀಲದಲ್ಲಿ ಬಾಡಿಗೆ ನೇತುಹಾಕು. ನಾನು ಚೀಲ ತಗೊಂಡೆ ಅಂದ್ರೆ ಮುಗೀತು. ಎಣಿಸೋದು, ಕೇಳೋದು ಏನೂ ಇಲ್ಲ.”

ಪಟಪಟಿ ಅದಕ್ಕೆಂದೇ ಉಳಿದ ಚೂರುಬಟ್ಟೆಯಲ್ಲಿ ಒಂದು ಕೈಚೀಲ ಹೊಲಿದಳು. ಒಂದನೇ ತಾರೀಖು ಚೀಲ ತುಂಬಿಕೊಂಡು ಕೆಳಗೆ ಬರುತ್ತಿತ್ತು, ಎರಡನೇ ತಾರೀಖು ಖಾಲಿಯಾಗಿ ಮೇಲೆ ಹೋಗುತ್ತಿತ್ತು. ಬಂದಾಗ ಕೊಟ್ಟಿದ್ದ ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡವನ್ನು ಮಾತ್ರೆಯಮ್ಮ ಬ್ಯಾಂಕಿನಲ್ಲಿ ಬೇರೆಯೇ ಇಟ್ಟಿದ್ದರು. ಅದು ತಮ್ಮ ದುಡ್ಡಲ್ಲ, ಪಟಪಟಿಯ ದುಡ್ಡು, ತಮ್ಮಲ್ಲಿ ಮಲಗಿದೆ ಅಷ್ಟೆ ಎಂಬುದು ಅವರ ಲೆಕ್ಕ. ಗಂಡನ ಕಾಯಿಲೆಯ ದಿನಗಳಲ್ಲೂ ಅದನ್ನು ಮುಟ್ಟಿರಲಿಲ್ಲ.

ಹೀಗಿರುತ್ತ ಒಂಬತ್ತು ತಿಂಗಳ ಹಿಂದೆ ಒಂದನೇ ತಾರೀಖು ಬಾಗಿಲು ತೆರೆದರೆ ಚಿಲಕದಲ್ಲಿ ಏನೂ ಇರಲಿಲ್ಲ.

ಮರೆತಿರಬೇಕು ಎಂದುಕೊಂಡರು. ಎರಡು, ಮೂರು, ಐದು ಆಯಿತು. ಪಟಪಟಿ ಮಾತ್ರ ಎಂದಿನಂತೆ ಮೆಟ್ಟಿಲಿಳಿದು ಬಂದು, ಕಾಜಾ ಹಾಕಿಸಿಕೊಳ್ಳಲು ಬಂದವನು ಗುಂಡಿಯನ್ನೇ ಕಳೆದುಕೊಂಡ ಕತೆ ಹೇಳಿ ನಗಿಸಿ ಹೋದಳು. ಮುಂದಿನ ತಿಂಗಳೂ ಚೀಲ ಬರಲಿಲ್ಲ. ಮಾತ್ರೆಯಮ್ಮನಿಗೆ ಆಗ ಅರ್ಥವಾಯಿತು, ಅಥವಾ ಅರ್ಥವಾಯಿತು ಅಂದುಕೊಂಡರು. ಬೀದಿಯ ತುದಿಯಲ್ಲಿ ದೊಡ್ಡದೊಂದು ಸಿದ್ಧ ಉಡುಪಿನ ಅಂಗಡಿ ತೆರೆದಿತ್ತು. ಈಗಿನ ಕಾಲದಲ್ಲಿ ಅಳತೆ ಕೊಟ್ಟು, ವಾರಗಟ್ಟಲೆ ಕಾದು ಬಟ್ಟೆ ಹೊಲಿಸುವ ತಾಳ್ಮೆ ಯಾರಿಗಿದೆ? ಹುಡುಗಿಗೆ ಕೆಲಸ ಕಡಿಮೆಯಾಗಿದೆ, ಕೈ ಬರಿದಾಗಿದೆ, ಹೇಳಿಕೊಳ್ಳಲು ನಾಚಿಕೆ. ಈ ನಗು, ಈ ಕತೆ ಎಲ್ಲ ಅದನ್ನು ಮುಚ್ಚುವುದಕ್ಕೆ.

ಕೇಳಿದರೆ ಕುಗ್ಗಿಹೋಗುತ್ತಾಳೆ. ಮಾತ್ರೆಯಮ್ಮ ಕೇಳಲಿಲ್ಲ. ಬದಲಿಗೆ ಹಳೆಯ ಆಸ್ಪತ್ರೆಗೆ ಹೋಗಿ ಹೆಡ್ ನರ್ಸನ್ನು ಹಿಡಿದರು. “ನಿಮ್ಮ ಹುಡುಗಿಯರ ಯೂನಿಫಾರ್ಮು ನೋಡೋಕಾಗಲ್ಲ, ಒಂದೊಂದೂ ಗೋಣಿಚೀಲ. ನಮ್ಮ ಮನೆ ಮೇಲೆ ಒಬ್ಬಳಿದ್ದಾಳೆ, ಮೈಗೆ ಅಂಟಿದ ಹಾಗೆ ಹೊಲೀತಾಳೆ. ನಾನು ಹೇಳಿದೆ ಅಂತ ಮಾತ್ರ ಬಾಯಿ ಬಿಡಬೇಡಿ.” ಆಮೇಲೆ ವಾರ್ಡಿನ ಪರದೆಗಳು, ಆಮೇಲೆ ಹಲ್ಲಿನ ಡಾಕ್ಟರ ಕೋಟು, ಆಮೇಲೆ ಅವರ ಹೆಂಡತಿಯ ಸೋಫಾ ಕವರು. ಮಹಡಿಯ ಮೇಲೆ ಮೆಷಿನ್ನಿನ ಸದ್ದು ಬಿಡುವಿಲ್ಲದೆ ಕೇಳತೊಡಗಿದಾಗ ಮಾತ್ರೆಯಮ್ಮನಿಗೆ ಆಗುತ್ತಿದ್ದ ಸಂತೋಷ ಎಂಥದ್ದೆಂದರೆ, ಅದನ್ನು ಯಾರಿಗಾದರೂ ಹೇಳಿಬಿಡುತ್ತೇನೋ ಎಂದು ಅವರಿಗೇ ಭಯವಾಗುತ್ತಿತ್ತು.

ಆದರೂ ಚೀಲ ಬರಲಿಲ್ಲ. ಹಳೇ ಸಾಲ ತೀರಿಸುತ್ತಿರಬೇಕು, ಪಾಪ. ಇತ್ತ ಬಾಡಿಗೆಯಿಲ್ಲದೆ ಪೆನ್ಷನ್ನೊಂದರಲ್ಲಿ ತಿಂಗಳು ದಾಟಿಸುವುದು ಇವರಿಗೂ ಕಷ್ಟವಾಗತೊಡಗಿತು. ಬಸ್ ನಿಲ್ದಾಣದ ಪಕ್ಕದ ಮೆಡಿಕಲ್ ಸ್ಟೋರಿನವನು ಎಂದೋ ಕರೆದಿದ್ದ. ದಿನಾ ಸಂಜೆ ನಾಲ್ಕರಿಂದ ಎಂಟರವರೆಗೆ ಅಲ್ಲಿ ಹೋಗಿ ನಿಲ್ಲತೊಡಗಿದರು.

“ಯಾಕಕ್ಕ, ಈ ವಯಸ್ಸಲ್ಲಿ? ಕಾಲು ನೋಯಲ್ವಾ?” ಎಂದು ಕೇಳುವಾಗ ಪಟಪಟಿಯ ಮುಖ ಸಣ್ಣದಾಗಿತ್ತು.

“ಮನೇಲಿ ಹೊತ್ತು ಹೋಗಲ್ಲ ಕಣೇ,” ಎಂದರು ಮಾತ್ರೆಯಮ್ಮ. ಬಾಡಿಗೆ ಕೊಡಲಾಗದ ಸಂಕಟ ಅವಳ ಮುಖದಲ್ಲಿದೆ ಎಂದು ಅವರಿಗೆ ಸ್ಪಷ್ಟವಾಗಿ ಕಂಡಿತು.

ಆ ದಿನದಿಂದ ರಾತ್ರಿ ಎಂಟು ದಾಟಿ ಮನೆಗೆ ಬಂದರೆ ಬಾಗಿಲ ಹತ್ತಿರ ಒಂದು ಡಬ್ಬಿ ಇರುತ್ತಿತ್ತು. ಬಿಸಿ ಊಟ, ಮೇಲೊಂದು ತಟ್ಟೆ ಮುಚ್ಚಿ. ತನಗೇ ಇಲ್ಲದಾಗಲೂ ಕೊಡುತ್ತಾಳಲ್ಲ ಎಂದು ಮಾತ್ರೆಯಮ್ಮನ ಕರುಳು ಚುರುಕ್ಕೆನ್ನುತ್ತಿತ್ತು. ಬೆಳಿಗ್ಗೆ ತಾವು ಮಾಡಿದ್ದರಲ್ಲಿ ಅರ್ಧವನ್ನು ಅದೇ ಡಬ್ಬಿಗೆ ತುಂಬಿ ಮೇಲೆ ಕಳಿಸುತ್ತಿದ್ದರು. ಹೀಗೆ ತಿಂಗಳುಗಟ್ಟಲೆ ಆ ಡಬ್ಬಿ ಹತ್ತಿ ಇಳಿಯಿತು. ನಿಜ ಹೇಳಬೇಕೆಂದರೆ, ಗಂಡ ಹೋದಮೇಲಿನ ಆರು ವರ್ಷಗಳಲ್ಲಿ ಅವರು ಇಷ್ಟು ನೆಮ್ಮದಿಯಾಗಿ ಇದ್ದದ್ದೇ ಇಲ್ಲ. ಒಬ್ಬರಿಗೆ ತಾನು ಬೇಕಾಗಿದ್ದೇನೆ ಎಂಬ ಗುಟ್ಟನ್ನು ಮಡಿಲಲ್ಲಿ ಕಟ್ಟಿಕೊಂಡು ಓಡಾಡುವುದು ಎಷ್ಟು ಹಿತ ಎಂಬುದು ಅವರಿಗೆ ಮರೆತೇ ಹೋಗಿತ್ತು.

ಆಮೇಲೆ ಒಂದು ದಿನ ಪಟಪಟಿ ಮೆಟ್ಟಿಲ ಮೇಲೆ ಕೂತು, ಎಂದಿಲ್ಲದ ಹಾಗೆ ನಿಧಾನವಾಗಿ, “ಅಕ್ಕ, ಈ ತಿಂಗಳ ಕೊನೆಗೆ ಮನೆ ಖಾಲಿ ಮಾಡ್ತೀನಿ,” ಎಂದಳು.

“ಎಲ್ಲಿಗೆ?”

“ಇದೇ ಊರಲ್ಲಿ. ಎಲ್ಲ ಗಟ್ಟಿಯಾದಮೇಲೆ ಹೇಳ್ತೀನಿ.”

ಮಾತ್ರೆಯಮ್ಮ ಹೆಚ್ಚು ಕೆದಕಲಿಲ್ಲ. ಇನ್ನೂ ಕಡಿಮೆ ಬಾಡಿಗೆಯ ಯಾವುದೋ ಗೂಡು ಹುಡುಕಿಕೊಂಡಿದ್ದಾಳೆ, ತನ್ನ ಋಣದಲ್ಲಿರಲು ಸಂಕೋಚ ಎಂದುಕೊಂಡರು. ‘ಬಾಡಿಗೆ ಬೇಡ, ಸುಮ್ಮನೆ ಇರು’ ಎಂದು ಹೇಳಲು ಎರಡು ಸಲ ಮೆಟ್ಟಿಲ ಅರ್ಧ ಹತ್ತಿ ಇಳಿದರು. ತಾವೇ ಹಾಕಿದ ನಿಯಮ ತಮ್ಮ ಕಾಲಿಗೇ ತೊಡರಿತ್ತು.

ಖಾಲಿ ಮಾಡಲು ಎರಡು ದಿನ ಇರುವಾಗ ತಂಗಿಯ ಫೋನು ಬಂತು. ತಂಗಿ ಅದೇ ಊರಿನ ಇನ್ನೊಂದು ತುದಿಯವಳು. ಅಕ್ಕನ ಮೇಲೆ ಪ್ರಾಣ. ಆದರೆ ಅದನ್ನು ಬೈಗುಳದಲ್ಲಿ ಮಾತ್ರ ತೋರಿಸಬಲ್ಲಳು. ಬಾಡಿಗೆ ಬಾರದ ಸಂಗತಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

“ಏನೇ, ನಿನ್ನ ಪಾಪದ ಪಟಪಟಿ ಹೇಗಿದ್ದಾಳೆ?”

“ಯಾಕೆ?”

“ನಮ್ಮ ಮಾರ್ಕೆಟ್ ರಸ್ತೇಲಿ ಎರಡು ಬಾಗಿಲಿನ ಅಂಗಡಿ ಹಿಡಿದಿದ್ದಾಳೆ. ಗಾಜಿನ ಮುಂಬಾಗಿಲು. ಬೋರ್ಡ್ ಬರೀತಿದ್ರು, ಕಣ್ಣಾರೆ ನೋಡ್ದೆ. ಅಲ್ಲಿ ಮುಂಗಡ ಎಷ್ಟು ಅಂತ ಗೊತ್ತಾ ನಿನಗೆ? ನೀನು ಮೂರು ಜನ್ಮ ಮಾತ್ರೆ ಎಣಿಸಬೇಕು. ಒಂಬತ್ತು ತಿಂಗಳು ನಿನಗೆ ಬಾಡಿಗೆ ಕೊಡದೆ ಅಲ್ಲಿ ಕೂಡಿಟ್ಟಿದ್ದಾಳೆ. ನೀನು ಕಾಲು ಊದಿಸ್ಕೊಂಡು ಅಂಗಡೀಲಿ ನಿಂತ್ಕೋ.”

“ಹಾಗೆಲ್ಲ ಅನ್ನಬೇಡ.”

“ಮುಂಗಡದಲ್ಲಿ ಒಂದು ಕಾಸೂ ಬಿಡಬೇಡ. ಎಲ್ಲ ಹಿಡ್ಕೋ. ತಿಳೀತಾ?”

ಮಾತ್ರೆಯಮ್ಮ ಫೋನಿಟ್ಟು ಅಡುಗೆಮನೆಗೆ ಹೋದರು. ತೊಳೆದು ಬೋರಲು ಹಾಕಿದ್ದ ಡಬ್ಬಿಯನ್ನು ಮತ್ತೆ ತೊಳೆದರು. ಮೇಲೆ ಮೆಷಿನ್ ಓಡುತ್ತಿತ್ತು. ಇಷ್ಟು ದಿನ ಆ ಸದ್ದು ಕೇಳಿ ಖುಷಿಪಟ್ಟಿದ್ದು ಯಾರು? ತಾನೇ ಗಿರಾಕಿಗಳನ್ನು ಹುಡುಕಿ ತಂದು, ತಾನೇ ಬಾಡಿಗೆ ಬಿಟ್ಟು, ತಾನೇ ಅವಳನ್ನು ಎತ್ತಿ ಹೊರಗೆ ಕಳಿಸಿದ ಹಾಗಾಯಿತು. ಅದಾದರೂ ಇರಲಿ. ಅಂಗಡಿಯ ಮಾತನ್ನು ತನಗೆ ಹೇಳಲಿಲ್ಲವಲ್ಲ. ಬೆಕ್ಕು ಮರಿ ಹಾಕಿದ್ದನ್ನು ಹೇಳಿದವಳು ಇದನ್ನು ಮುಚ್ಚಿಟ್ಟಳಲ್ಲ. ದುಡ್ಡು ಹೋಗಿದ್ದರೆ ನುಂಗಿಕೊಳ್ಳಬಹುದಿತ್ತು. ಒಂಬತ್ತು ತಿಂಗಳು ಒಳಗೊಳಗೇ ಹೆಮ್ಮೆಪಟ್ಟು ಕಾಪಾಡಿಕೊಂಡದ್ದು ಬರೀ ತನ್ನ ದಡ್ಡತನವೇ ಆಗಿತ್ತೇ ಎಂಬುದನ್ನು ನುಂಗಲು ಆಗುತ್ತಿರಲಿಲ್ಲ.

ಮರುದಿನ ಬ್ಯಾಂಕಿಗೆ ಹೋಗಿ ಮುಂಗಡದ ಅಷ್ಟೂ ಹಣವನ್ನು ತೆಗೆದುಕೊಂಡು ಬಂದರು. ತಂಗಿ ಹೇಳಿದಂತೆ ಹಿಡಿದುಕೊಳ್ಳುವುದು ಅವರ ಜಾಯಮಾನವಲ್ಲ. ಪೂರ್ತಿ ಕೊಟ್ಟುಬಿಡಬೇಕು. ಒಂದು ಮಾತಾಡದೆ ಎದುರಿಗಿಟ್ಟು, ಅವಳ ಮುಖ ಹೇಗಾಗುತ್ತದೆ ನೋಡಬೇಕು. ಬೈಗುಳಕ್ಕಿಂತ ಅದು ಹೆಚ್ಚು ನಾಟುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಹಾಗೆ ನಾಟಬೇಕೆಂದೇ ಅವರಿಗೆ ಆಸೆಯಾಗಿತ್ತು.

ಖಾಲಿ ಮಾಡುವ ದಿನ ಬೆಳಿಗ್ಗೆ ಹತ್ತಕ್ಕೆ ಸಾಮಾನಿನ ಗಾಡಿ ಬಂತು. ಮಾತ್ರೆಯಮ್ಮ ಲಕೋಟೆ ಹಿಡಿದು ಮೆಟ್ಟಿಲು ಹತ್ತಿದರು. ಕೋಣೆ ಗುರುತು ಸಿಗದಂತಾಗಿತ್ತು. ಬಟ್ಟೆಯ ಗಂಟುಗಳು, ಹಗ್ಗ ಬಿಗಿದ ಮಂಚ, ದಾರದ ಉಂಡೆಗಳು ತುಂಬಿದ ಬಕೆಟ್ಟು. ಪಟಪಟಿ ಮೊಣಕಾಲೂರಿ ಕೂತು ನೆಲದ ಸಂದಿಯಿಂದ ಗುಂಡುಸೂಜಿಗಳನ್ನು ಅಯಸ್ಕಾಂತದಿಂದ ಎತ್ತುತ್ತಿದ್ದಳು.

“ಬರಿಗಾಲಲ್ಲಿ ಬರಬೇಡಿ ಅಕ್ಕ, ಏಳು ವರ್ಷದ ಸೂಜಿ ಇದೆ ಇಲ್ಲಿ.”

ಮಾತ್ರೆಯಮ್ಮ ಲಕೋಟೆಯನ್ನು ಟ್ರಂಕಿನ ಮೇಲಿಟ್ಟರು. “ತಗೋ. ಪೂರ್ತಿ ಇದೆ. ಎಣಿಸಿಕೋ.”

“ಏನಿದು?”

“ನಿನ್ನ ಮುಂಗಡ. ಹತ್ತು ತಿಂಗಳದ್ದು.”

ಪಟಪಟಿ ಅಯಸ್ಕಾಂತ ಹಿಡಿದುಕೊಂಡೇ ಎದ್ದು ನಿಂತಳು. ಮಾತ್ರೆಯಮ್ಮ ಕಾದಿದ್ದ ಮುಖ ಅದಲ್ಲ. ಅದರಲ್ಲಿ ನಾಚಿಕೆ ಇರಲಿಲ್ಲ, ಗಾಬರಿ ಇತ್ತು.

“ಮುಂಗಡ ಎಲ್ಲಿ ಉಳೀತಕ್ಕ? ಒಂಬತ್ತು ತಿಂಗಳಿಂದ ಅದರಲ್ಲೇ ಅಲ್ವಾ ನಾನು ಇರೋದು? ಇದನ್ನ ಎಲ್ಲಿಂದ ತಂದ್ರಿ? ಸಾಲ ಮಾಡಿದ್ರಾ?”

“ಅದರಲ್ಲೇ ಅಂದ್ರೆ?”

“ಬಾಡಿಗೆ. ಮುಂಗಡದಲ್ಲಿ ಮುರ್ಕೊಳ್ಳಿ ಅಂತ ಕೊಡೋದು ನಿಲ್ಲಿಸಿದ್ನಲ್ಲ.”

“ಯಾವಾಗ ಹೇಳಿದೆ?”

“ಹೇಳೋದು ಹೇಗೆ? ದುಡ್ಡಿನ ಮಾತು ಬಾಯಲ್ಲಿ ಬೇಡ ಅಂದೋರು ಯಾರು? ಚೀಲ ಬರಲಿಲ್ಲ ಅಂದ್ರೆ ನಿಮಗೆ ತಿಳಿಯುತ್ತೆ ಅಂದ್ಕೊಂಡೆ. ನೀವೂ ಒಂದು ಮಾತು ಕೇಳಲಿಲ್ಲ. ಸರಿ, ತಿಳೀತು ಅಂತ ಸುಮ್ಮನಾದೆ.”

ಮಾತ್ರೆಯಮ್ಮ ಟ್ರಂಕಿನ ಮೇಲೆ, ಲಕೋಟೆಯ ಪಕ್ಕದಲ್ಲೇ ಕೂತರು. “ನಿಲ್ಲಿಸಿದ್ದು ಯಾಕೆ?”

ಪಟಪಟಿ ಅಯಸ್ಕಾಂತಕ್ಕೆ ಅಂಟಿದ ಸೂಜಿಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. “ನೀವು ಊಟದ ಟೇಬಲ್ ಮಾರಿದ್ರಿ. ಮರುವಾರ ಪೇಪರ್ ನಿಲ್ಲಿಸಿದ್ರಿ. ಯಜಮಾನರ ಆಸ್ಪತ್ರೆ ಖರ್ಚಿಗೆ ನನ್ನ ಮುಂಗಡ ಯಾವತ್ತೋ ಹೋಗಿರಬೇಕು ಅನ್ನಿಸ್ತು. ನಾನು ಎಂದಾದ್ರೂ ಹೋಗ್ತೀನಿ ಅಂದ್ರೆ ಒಟ್ಟಿಗೆ ಅಷ್ಟು ದುಡ್ಡು ಎಲ್ಲಿಂದ ತರ್ತೀರಿ? ಸಾಯೋವಷ್ಟು ನಾಚ್ಕೋತೀರಿ. ಅದಕ್ಕೆ ತಿಂಗಳು ತಿಂಗಳು ಕರಗಿಸಿಬಿಡೋಣ ಅಂತ.”

“ಎಂಟು ಜನ ಕೂರೋ ಟೇಬಲ್ ಕಣೇ ಅದು. ಒಬ್ಬಳೇ ಕೂತು ಉಣ್ಣೋಕೆ ಬೇಜಾರು. ಓಡಾಡಿದ್ರೆ ಮೂಲೆ ಸೊಂಟಕ್ಕೆ ಹೊಡೀತಿತ್ತು, ಮಾರಿದೆ. ಪೇಪರಿನ ಅಕ್ಷರ ಕಾಣಲ್ಲ, ನಿಲ್ಲಿಸಿದೆ.”

“ಮತ್ತೆ ಮೆಡಿಕಲ್ ಸ್ಟೋರಿಗೆ ಹೋದ್ರಲ್ಲ? ನೋಡಿ, ಆಗ ನನಗೆ ಖಾತ್ರಿಯಾಯ್ತು.”

“ನೀನು ಬಾಡಿಗೆ ಕೊಡಲಿಲ್ಲ ಅಂತ ಹೋಗಿದ್ದು!”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಕೆಳಗೆ ಗಾಡಿಯವನು ಒಂದು ಸಲ ಹಾರನ್ ಒತ್ತಿದ.

“ಅಲ್ವೇ,” ಎಂದರು ಮಾತ್ರೆಯಮ್ಮ, ಈಗ ನಿಜಕ್ಕೂ ಕುತೂಹಲದಿಂದ, “ಕೈಯಲ್ಲಿ ಕಾಸಿಲ್ಲದೋಳಿಗೆ ಬರೋ ಬಾಡಿಗೇನೂ ನಿಲ್ಲಿಸಿದ್ಯಲ್ಲ. ಇದು ಯಾವ ಸೀಮೆ ಉಪಕಾರ?”

ಪಟಪಟಿ ಕಿವಿಯ ಹಿಂದೆ ಕೆರೆದುಕೊಂಡಳು. “ಅದು ನನಗೆ ಎರಡು ತಿಂಗಳಾದಮೇಲೆ ಹೊಳೀತು. ಮತ್ತೆ ಚೀಲ ತಂದು ನೇತುಹಾಕಿದ್ರೆ ಯಾಕೆ ಅಂತ ಬಾಯಿಬಿಟ್ಟು ಹೇಳಬೇಕಾಗುತ್ತಲ್ಲ. ಅದಕ್ಕೇ ಡಬ್ಬಿ ಶುರು ಮಾಡಿದ್ದು.”

ಮಾತ್ರೆಯಮ್ಮನಿಗೆ ನಗು ಹೊಟ್ಟೆಯಿಂದ ಎದ್ದು ಬಂತು. ತಡೆಯಲು ಹೋಗಿ ಕೆಮ್ಮಾಯಿತು, ಕಣ್ಣಲ್ಲಿ ನೀರಾಯಿತು. ಪಟಪಟಿ ಮೊದಲು ಹೆದರಿ, ಆಮೇಲೆ ತಾನೂ ಗಂಟಿನ ಮೇಲೆ ಕುಸಿದು ನಕ್ಕಳು. ನಗುತ್ತಲೇ ಮಾತ್ರೆಯಮ್ಮನಿಗೆ ಒಂದು ವಿಚಾರ ಹೊಳೆಯಿತು. ತಾನು ಕೆಳಗೆ ಗುಟ್ಟಾಗಿ ಬಚ್ಚಿಟ್ಟುಕೊಂಡು ಸುಖಪಟ್ಟದ್ದನ್ನೇ ಇವಳು ಮೇಲೆ ಕೂತು ಪಡುತ್ತಿದ್ದಳು. ಪಾಪ ಅಕ್ಕ ಎಂದುಕೊಂಡು ಇವಳು, ಪಾಪ ಹುಡುಗಿ ಎಂದುಕೊಂಡು ತಾನು. ಒಂದೇ ಮನೆಯಲ್ಲಿ ಎರಡು ಅಂತಸ್ತಿನ ಕನಿಕರ. ಕನಿಕರಕ್ಕೆ ಗುರಿಯಾಗಿದ್ದೆನೆಂದು ತಿಳಿದರೆ ಬೇರೆ ದಿನವಾಗಿದ್ದರೆ ಸಿಟ್ಟು ಮೂಗಿನ ತುದಿಗೆ ಬರುತ್ತಿತ್ತು. ಇವತ್ತು ಯಾಕೋ ಯಾರೋ ಬೆನ್ನ ಮೇಲೆ ಕೈಯಿಟ್ಟ ಹಾಗೆ ಅನಿಸಿತು.

“ಅಂಗಡಿ ವಿಷಯ ಯಾಕೆ ಹೇಳಲಿಲ್ಲ? ತಂಗಿ ಬಾಯಿಂದ ಕೇಳಬೇಕಾಯ್ತು. ಎರಡು ದಿನ ನನಗೆ ಊಟ ಸೇರಲಿಲ್ಲ.”

ಪಟಪಟಿಯ ನಗು ನಿಂತಿತು. “ಹೇಳಿದ್ರೆ ಅಲ್ಲಿ ಮುಂಗಡಕ್ಕೆ ಏನು ಮಾಡಿದೆ ಅಂತ ಕೇಳ್ತೀರಿ. ಆಗ ನಿಮಗೆ ನಿಮ್ಮ ಹತ್ತಿರ ಇರೋ ನನ್ನ ದುಡ್ಡು ನೆನಪಾಗುತ್ತೆ. ಯಾರ ಹತ್ತಿರನಾದ್ರೂ ಕೈಯೊಡ್ಡೋಕೆ ಹೋಗ್ತೀರಿ ಅಂತ ಭಯ ಆಯ್ತು. ಎಲ್ಲ ಸಾಗಿಸಿದಮೇಲೆ ಬಂದು ಕರ್ಕೊಂಡು ಹೋಗೋಣ ಅಂತಿದ್ದೆ.” ಗಂಟಿನ ಮೇಲಿಂದ ಎದ್ದು, “ಆ ಆಸ್ಪತ್ರೆ ಕೆಲಸ ಎಲ್ಲ ನೀವು ಕಳಿಸಿದ್ದಲ್ವಾ?” ಎಂದಳು.

“ಯಾರು ಹೇಳಿದ್ರು ನಿನಗೆ?”

“ಹೆಡ್ ನರ್ಸು. ಮೊದಲನೇ ದಿನವೇ. ‘ಮಾತ್ರೆಯಮ್ಮ ಕಳಿಸಿದ್ದು ಅಂತ ಹೇಳಬಾರದಂತೆ’ ಅಂದ್ರು.”

“ಅವಳ ಬಾಯಿಗಿಷ್ಟು,” ಎಂದು ಮಾತ್ರೆಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಲಕೋಟೆ ತೆರೆದು, ಕೌಂಟರಿನ ಹಳೆಯ ಚುರುಕಿನಲ್ಲಿ ಒಂದು ತಿಂಗಳ ಬಾಡಿಗೆಯಷ್ಟನ್ನು ಬೇರೆ ಮಾಡಿದರು. “ಸರಿ. ಒಂಬತ್ತು ತಿಂಗಳದ್ದು ನನಗೆ ಬಂತು. ಇದು ಉಳಿದದ್ದು. ಹಿಡಿ.”

“ಬೇಡ ಅಕ್ಕ. ಗೋಡೆ ನೋಡಿ, ಎಷ್ಟು ಮೊಳೆ ಹೊಡೆದಿದ್ದೀನಿ. ಇಸ್ತ್ರಿ ಇಟ್ಟು ಕಿಟಕಿ ಕಟ್ಟೆ ಕಪ್ಪಾಗಿದೆ. ಅದಕ್ಕೆ ಹಿಡ್ಕೊಳ್ಳಿ.”

“ಮೊಳೆ ನಿನಗಿಂತ ಮುಂಚೆಯೇ ಇತ್ತು.”

“ಇರಲಿಲ್ಲ. ನಾನೇ ಹೊಡೆದಿದ್ದು.”

“ನನ್ನ ಮನೆ ಗೋಡೆ ನನಗೆ ಗೊತ್ತಿಲ್ವಾ?”

“ಅಮ್ಮಾ!” ಎಂದು ಗಾಡಿಯವನು ಮೆಟ್ಟಿಲ ಬುಡದಿಂದ ಕೂಗಿದ. “ನನಗೆ ಇನ್ನೊಂದು ಬಾಡಿಗೆ ಇದೆ. ಮಂಚ ಇಳಿಸೋದೋ ಬೇಡವೋ?”

ಮಾತ್ರೆಯಮ್ಮ ಆ ಮಂಚವನ್ನು ನೋಡಿದರು. ಕೈಯಲ್ಲಿದ್ದ ನೋಟುಗಳನ್ನು ನೋಡಿದರು. ಇದನ್ನು ಇವಳು ತಗೊಂಡರೆ ಇವತ್ತಿಗೆ ಮುಗಿಯಿತು. ತಾನು ಇಟ್ಟುಕೊಂಡರೆ? ಅವರು ನೋಟುಗಳನ್ನು ಮಡಿಸಿ ಮತ್ತೆ ಲಕೋಟೆಗೆ ಹಾಕಿದರು.

“ಆ ಅಂಗಡೀಲಿ ಮಲಗೋದು ಎಲ್ಲಿ?”

“ಹಿಂದೆ ಒಂದು ಕೋಣೆ ಇದೆ.”

“ಕಿಟಕಿ?”

“ಇಲ್ಲ. ಬಣ್ಣ ಮೊನ್ನೆ ಹೊಡೆಸಿದ್ದು. ವಾಸನೆ ಸ್ವಲ್ಪ ಇದೆ.”

“ಆ ವಾಸನೇಲಿ ಮಲಗಿದ್ರೆ ಎಂಟು ದಿನಕ್ಕೆ ಎದೆ ಕಟ್ಟುತ್ತೆ. ಕೇಳು ಇಲ್ಲಿ. ಹತ್ತು ತಿಂಗಳ ದುಡ್ಡು ನನಗೆ ಬಂದಿದೆ, ಅದರಲ್ಲಿ ನೀನಿದ್ದದ್ದು ಒಂಬತ್ತು ತಿಂಗಳು. ಮುಂದಿನ ಒಂದು ತಿಂಗಳು ಈ ಮನೆಗೆ ಬಾಡಿಗೆ ಕೊಟ್ಟಾಗಿದೆ. ಬಾಡಿಗೆ ಕೊಟ್ಟ ಮನೆ ಬಿಟ್ಟು ಗೂಡಲ್ಲಿ ಯಾಕೆ ಮಲಗ್ತೀಯ? ಮೆಷಿನ್ ಹೋಗಲಿ, ಬಟ್ಟೆ ಗಂಟು ಹೋಗಲಿ. ಮಂಚ ಇರಲಿ.”

ಪಟಪಟಿ ಬಗ್ಗಿ ಮಂಚದ ಹಗ್ಗದ ಗಂಟು ಬಿಚ್ಚತೊಡಗಿದಳು. ಗಂಟು ಬಿಗಿಯಾಗಿತ್ತು, ಹಲ್ಲು ಹಾಕಿ ಎಳೆದಳು.

“ಒಂದು ತಿಂಗಳಾದಮೇಲೆ?” ಎಂದಳು, ತಲೆಯೆತ್ತದೆ.

“ಆದಮೇಲೆ ಇಬ್ಬರೂ ಕೂತು ಮಾತಾಡೋಣ. ಜೋರಾಗಿ. ಬೇಕಾದ್ರೆ ಜಗಳ ಆಡೋಣ, ಬೀದಿಯೋರು ಕೇಳಿಸ್ಕೊಳ್ಳಲಿ.”

ಗಾಡಿಯವನು ಮೇಲೆ ಬಂದು, ಅರ್ಧ ಬಿಚ್ಚಿದ ಹಗ್ಗವನ್ನೂ ಕಣ್ಣು ಕೆಂಪಾದ ಇಬ್ಬರು ಹೆಂಗಸರನ್ನೂ ನೋಡಿ, ಏನೂ ಕೇಳದಿರುವುದೇ ಕ್ಷೇಮ ಎಂದು ಮೆಷಿನ್ನಿನ ಕಬ್ಬಿಣದ ಕಾಲುಗಳನ್ನು ಹೊತ್ತುಕೊಂಡು ಇಳಿದ. ಗಂಟುಗಳು ಇಳಿದವು, ಕತ್ತರಿಸುವ ಮೇಜು ಇಳಿಯಿತು. ಮೆಷಿನ್ನಿನ ಮೇಲ್ಭಾಗವನ್ನು ಮಾತ್ರ ಪಟಪಟಿ ಯಾರ ಕೈಗೂ ಕೊಡುವವಳಲ್ಲ. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಎದೆಗವಚಿಕೊಂಡು ತಾನೇ ಇಳಿಸಿದಳು. ಅದನ್ನು ಗಾಡಿಯ ಹಿಂದೆ ಇಟ್ಟರೆ ಕುಲುಕಾಟಕ್ಕೆ ಕೆಡುತ್ತದೆ. ಎಲ್ಲಿಡುವುದೆಂದು ಅವಳು ಅತ್ತಿತ್ತ ನೋಡುತ್ತಿದ್ದಾಗ ಮಾತ್ರೆಯಮ್ಮ ಮನೆಗೆ ಬೀಗ ಹಾಕಿಕೊಂಡು ಬಂದರು. ಗಾಡಿಯ ಮುಂದಿನ ಬಾಗಿಲು ತೆರೆದು, ಒಂದು ಕೈಯಲ್ಲಿ ಸೀಟು ಹಿಡಿದು, ಉಸ್ಸೆಂದು ಹತ್ತಿ ಕೂತರು.

“ಕೊಡು ಇಲ್ಲಿ,” ಎಂದು ಮೆಷಿನ್ನನ್ನು ತೊಡೆಯ ಮೇಲೆ ಇಡಿಸಿಕೊಂಡರು. “ಗಾಜಿನ ಬಾಗಿಲು ಅಂತೆ. ನಾನೂ ನೋಡ್ತೀನಿ.”

ಪಟಪಟಿ ಪಕ್ಕದಲ್ಲಿ ಒತ್ತಿಕೊಂಡು ಕೂತಳು. ಕೂತವಳೇ ಬಾಗಿಲು ಕೂರಿಸಲು ಬಂದವನು ಗಾಜನ್ನು ಒಂದು ಬೆರಳು ಚಿಕ್ಕದಾಗಿ ಕತ್ತರಿಸಿ ತಂದ ಕತೆಯನ್ನು ಶುರುಮಾಡಿದಳು.

ಗಾಡಿಯವನು ಹತ್ತಿ ಬಂದು ಬಾಗಿಲಿಗೆ ಒರಗಿಕೊಂಡೇ ಕೂರಬೇಕಾಯಿತು. “ಅಮ್ಮಾ, ನಾನು ಹೇಳಿದ ರೇಟು ಬರೀ ಸಾಮಾನಿಗೆ. ನೀವೂ ಬರ್ತೀರಾ?”

“ನನ್ನನ್ನೂ ಸಾಮಾನು ಅಂದ್ಕೋ,” ಎಂದರು ಮಾತ್ರೆಯಮ್ಮ. “ಹಳ್ಳ ದಿಣ್ಣೆ ನೋಡಿಕೊಂಡು ನಿಧಾನವಾಗಿ ಓಡಿಸು.”